ಅಕ್ಕನ ಕೈಗೊಂದು ಬೇರಿಂಗ್

ಫಿಟ್ಟರ್‌ಗೆ ಬೇರಿಂಗ್ ಅಂಗಡಿ ಹೊಸದಲ್ಲ. ಬಿಸ್ಕತ್ತಿನ ಪೊಟ್ಟಣ ಕಟ್ಟುವ ಕಾರ್ಖಾನೆಯಲ್ಲಿ ಹದಿನೇಳು ವರ್ಷದಿಂದ ಮೆಷಿನ್ನುಗಳ ರಿಪೇರಿ ಅವನದೇ. ತಿಂಗಳಿಗೆ ಎರಡು ಸಲವಾದರೂ ಈ ಕೌಂಟರಿನ ಮುಂದೆ ನಿಂತು, ಚೀಟಿಯಲ್ಲಿದ್ದ ನಂಬರು ಓದಿ ಹೇಳಿ, ಎಣ್ಣೆಕಾಗದದಲ್ಲಿ ಸುತ್ತಿದ ಬೇರಿಂಗ್ ಜೇಬಿಗಿಳಿಸಿಕೊಂಡು ಹೋಗುತ್ತಿದ್ದ. ಆ ದಿನ ಅವನ ಕೈಯಲ್ಲಿ ಚೀಟಿ ಇರಲಿಲ್ಲ. ಹಳೆ ಪತ್ರಿಕೆಯಲ್ಲಿ ಸುತ್ತಿದ ಗೇಣುದ್ದದ ಉಕ್ಕಿನ ಸರಳೊಂದಿತ್ತು. ಉಳಿದ ಗಿರಾಕಿಗಳೆಲ್ಲ ಹೋಗುವವರೆಗೂ ಬಾಗಿಲ ಪಕ್ಕದಲ್ಲೇ ನಿಂತಿದ್ದು, ಆಮೇಲೆ ಅದನ್ನು ಕೌಂಟರಿನ ಮೇಲಿಟ್ಟ.

"ಇದರ ಮೇಲೆ ಅತ್ತಿತ್ತ ಓಡಾಡೋ ಬೇರಿಂಗ್ ಬೇಕು. ಇಪ್ಪತ್ತು ಮಿಲಿಮೀಟರ್ ಶಾಫ್ಟು."

ಅಂಗಡಿಯ ಯಜಮಾನರು ಕನ್ನಡಕ ಹಣೆಗೇರಿಸಿ ಸರಳನ್ನು ಬೆಳಕಿಗೆ ಹಿಡಿದು ತಿರುಗಿಸಿದರು. "ಯಾವ ಮೆಷಿನ್ನು?"

"ಮೆಷಿನ್ ಅಲ್ಲ. ಮನೇಲಿ ಒಂದು ಕೆಲಸ."

"ಲೋಡ್ ಎಷ್ಟು ಬೀಳುತ್ತೆ?"

"ಎರಡು ಕೆಜಿ ಇರಬಹುದು. ಸ್ವಲ್ಪ ಕಮ್ಮೀನೇ."

"ಅದನ್ನ ತಳ್ಳೋದು ಯಾವುದು? ಮೋಟರಾ, ಕಂಪ್ರೆಸರ್ ಗಾಳೀನಾ?"

"ಕೈ," ಎಂದ ಫಿಟ್ಟರ್. ಯಜಮಾನರು ಮುಂದಿನ ಮಾತಿಗೆ ಕಾಯುತ್ತಿದ್ದುದನ್ನು ನೋಡಿ ಸೇರಿಸಿದ: "ನಮ್ಮಕ್ಕನ ಕೈ. ಅದರಲ್ಲಿ ಬಲ ಇಲ್ಲ. ಅದಕ್ಕೇ ಆದಷ್ಟು ಹಗುರ ಓಡಬೇಕು. ಮತ್ತೆ, ಬೆಲೇನೂ ನೋಡ್ಬೇಕು."

ಅಕ್ಕನಿಗೆ ಅವಳು ಕೆಲಸ ಮಾಡುತ್ತಿದ್ದ ಹೊಲಿಗೆ ಕಾರ್ಖಾನೆಯಲ್ಲಿ 'ಕತ್ತರಿಯಕ್ಕ' ಎಂದೇ ಹೆಸರು. ಹತ್ತು ಪದರ ಬಟ್ಟೆ ಒಂದರ ಮೇಲೊಂದು ಹಾಸಿ, ಒಂದೇ ಉಸಿರಿನಲ್ಲಿ ಅಂಗಿಯ ತೋಳು ಕತ್ತರಿಸಿ ಎತ್ತಿದರೆ ಮೇಲಿನದಕ್ಕೂ ಕೆಳಗಿನದಕ್ಕೂ ನೂಲೆಳೆಯಷ್ಟು ವ್ಯತ್ಯಾಸ ಬರುತ್ತಿರಲಿಲ್ಲ. ಅಪ್ಪ ಮೊದಲೇ ಇರಲಿಲ್ಲ, ಅಮ್ಮ ಹೋದಾಗ ತಮ್ಮನಿಗೆ ಒಂಬತ್ತು, ಅವಳಿಗೆ ಹತ್ತೊಂಬತ್ತು. ಆ ಕತ್ತರಿಯಿಂದಲೇ ಅವನನ್ನು ಓದಿಸಿದಳು, ಫಿಟ್ಟರ್ ಕೆಲಸ ಕಲಿಸುವ ಶಾಲೆಗೆ ಸೇರಿಸಿದಳು, ಮದುವೆ ಮಾಡಿದಳು. ತನ್ನ ಮದುವೆಯ ಮಾತು ಬಂದಾಗಲೆಲ್ಲ "ಇವನೊಂದು ದಡ ಸೇರಲಿ" ಎನ್ನುತ್ತಿದ್ದಳು. ಅವನು ದಡ ಸೇರುವ ಹೊತ್ತಿಗೆ ಕೇಳುವವರೇ ಇರಲಿಲ್ಲ. ಅದರ ಬಗ್ಗೆ ಅವಳು ಕೊರಗಿದ್ದನ್ನು ಅವನು ಕಂಡಿರಲಿಲ್ಲ, ಅಥವಾ ಅವಳು ಕಾಣಗೊಟ್ಟಿರಲಿಲ್ಲ.

ಎರಡು ವರ್ಷದ ಕೆಳಗೆ ಕತ್ತರಿ ಕೈಜಾರತೊಡಗಿತು. ಮೊದಲು ವಾರಕ್ಕೊಮ್ಮೆ, ಆಮೇಲೆ ದಿನಕ್ಕೊಮ್ಮೆ. ಹೆಬ್ಬೆರಳಿನ ಬುಡದ ಮಾಂಸ ಗುಳಿಬಿತ್ತು. ಮೂರು ಆಸ್ಪತ್ರೆ ಸುತ್ತಿ, ಸೂಜಿ ಚುಚ್ಚಿಸಿಕೊಂಡು, ಕೊನೆಗೆ ನರದ ಡಾಕ್ಟರ ಮುಂದೆ ಕೂತಾಗ ಅವರು ಅಡ್ಡಗೋಡೆಯ ಮೇಲೆ ದೀಪ ಇಡುವ ಮಾತಾಡಲಿಲ್ಲ. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುತ್ತಿವೆ, ಇದನ್ನು ನಿಲ್ಲಿಸುವ ಔಷಧಿ ಇಲ್ಲ ಎಂದರು. ಬುದ್ಧಿ ಹಾಗೇ ಇರುತ್ತದೆ, ಮುಟ್ಟಿದ್ದು ತಿಳಿಯುತ್ತದೆ, ನೋವು ತಿಳಿಯುತ್ತದೆ; ಆಡಿಸುವ ಬಲ ಮಾತ್ರ ಹೋಗುತ್ತದೆ.

ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅಕ್ಕ ಹೇಳಿದ್ದಳು, "ಎಲ್ಲರೂ ಕೈಕೊಡ್ತಾರೆ ಅಂತ ಕೇಳಿದ್ದೆ. ಕೈಯೇ ಕೈಕೊಡುತ್ತೆ ಅಂತ ಗೊತ್ತಿರಲಿಲ್ಲ ನೋಡು." ಫಿಟ್ಟರ್‌ಗೆ ನಗು ಬರಲಿಲ್ಲ. ಅವಳು ನಕ್ಕಳು.

ಅವಳನ್ನು ತನ್ನ ಮನೆಗೇ ಕರೆತಂದ. ಎರಡು ಕೋಣೆಯ ಮನೆ. ಮುಂದಿನ ಕೋಣೆಯ ಕಿಟಕಿಯ ಕೆಳಗೆ ಅವಳ ಕತ್ತರಿಸುವ ಮೇಜನ್ನೂ ತಂದು ಹಾಕಿದ. ಮೇಜು ಹಾಕಿದ ಮೇಲೆ ಕೋಣೆಯಲ್ಲಿ ಅಡ್ಡಡ್ಡ ನಡೆಯುವಷ್ಟೇ ಜಾಗ ಉಳಿಯಿತು. ಅವನ ಹೆಂಡತಿ ಅದಕ್ಕೆ ಒಂದು ಮಾತೂ ಆಡಲಿಲ್ಲ. ಅವಳೂ ಮನೆಯಲ್ಲೇ ಹೊಲಿಗೆ ಮಾಡುವವಳು, ಆದರೆ ಕತ್ತರಿಸಲು ಧೈರ್ಯ ಸಾಲದವಳು; ಬೇರೆಯವರು ಕತ್ತರಿಸಿ ಕೊಟ್ಟದ್ದನ್ನು ಹೊಲಿಯುತ್ತಿದ್ದಳು.

ಒಂದು ಭಾನುವಾರ ಬೆಳಿಗ್ಗೆ ಫಿಟ್ಟರ್ ಅಕ್ಕನನ್ನು ಗಮನಿಸುತ್ತ ಕೂತಿದ್ದ. ಬಲಗೈಯನ್ನು ಎತ್ತಲು ಅವಳಿಗೆ ಆಗುತ್ತಿರಲಿಲ್ಲ. ಆದರೆ ಯಾರಾದರೂ ಅದನ್ನು ಎತ್ತಿ ಮೇಜಿನ ಮೇಲಿಟ್ಟರೆ, ಹಾಸಿದ ನುಣುಪು ಬಟ್ಟೆಯ ಮೇಲೆ ಅತ್ತಿತ್ತ ಜಾರಿಸಬಲ್ಲವಳಾಗಿದ್ದಳು. ಅಂದರೆ ಎತ್ತುವ ಬಲ ಹೋಗಿದೆ, ಸರಿಸುವ ಬಲ ಇನ್ನೂ ಇದೆ. ಭಾರವನ್ನು ಬೇರೆ ಏನಾದರೂ ಹೊತ್ತುಕೊಂಡರೆ ಸಾಕು. ಇದು ಹೊಳೆದದ್ದೇ ತಡ, ಅವನು ಪೆನ್ಸಿಲ್ ಹುಡುಕಿದ.

ಮೇಜಿನ ಮೇಲೆ, ಅವಳ ಎದೆಯ ಮಟ್ಟಕ್ಕಿಂತ ಸ್ವಲ್ಪ ಎತ್ತರದಲ್ಲಿ, ಎಡದಿಂದ ಬಲಕ್ಕೆ ಒಂದು ಮೀಟರ್ ಉದ್ದದ ಉಕ್ಕಿನ ಶಾಫ್ಟ್. ಅದರ ಮೇಲೆ ಓಡಾಡುವ ಒಂದು ಗಾಡಿ. ಗಾಡಿಯಿಂದ ಕೆಳಗಿಳಿದ ಕಂಬಿಗೆ ಕಟ್ಟಿದ ಬಟ್ಟೆಯ ಜೋಳಿಗೆ. ಜೋಳಿಗೆಯಲ್ಲಿ ಮುಂಗೈ ಇಟ್ಟರೆ ಕೈ ಗಾಳಿಯಲ್ಲಿ ತೇಲಿದ ಹಾಗೆ; ಬೆರಳಲ್ಲಿ ಸೀಮೆಸುಣ್ಣ ಹಿಡಿದು ಬಟ್ಟೆಯ ಮೇಲೆ ಗೆರೆ ಎಳೆಯಬಹುದು. ಅವಳು ಗೆರೆ ಎಳೆದದ್ದನ್ನು ಹೆಂಡತಿ ಕತ್ತರಿಸಬಹುದು.

ಮೊದಲು ಹಾಕಿದ್ದು ಒಂದೇ ಒಂದು ಗನ್‌ಮೆಟಲ್ ಬುಷ್, ಗುಂಡುಗಳಿಲ್ಲದ ಬರೀ ಲೋಹದ ಬಳೆ, ಕಾರ್ಖಾನೆಯ ಗುಜರಿ ಡಬ್ಬಿಯಿಂದ ಕೇಳಿ ತಂದದ್ದು. ಅಕ್ಕ ಕೈಯಾಡಿಸಲು ನೋಡಿದಳು. ಗಾಡಿ ಓರೆಯಾಗಿ ಅಲ್ಲೇ ಕಚ್ಚಿಕೊಂಡಿತು. ಕೆಳಗಿನ ಕಂಬಿ ಹಿಡಿದು ಎಳೆದರೆ ಮೇಲಿನ ಬುಷ್ ವಾಲುತ್ತದೆ, ಇದು ಅವನಿಗೆ ತಿಳಿಯದ ವಿಷಯವೇನಲ್ಲ, ಆತುರದಲ್ಲಿ ಮರೆತಿದ್ದ. ಗೇಣು ಅಂತರದಲ್ಲಿ ಎರಡು ಬುಷ್ ಹಾಕಿ, ಕಂಬಿ ಗಿಡ್ಡ ಮಾಡಿ, ಶಾಫ್ಟನ್ನು ಕೆಳಗಿಳಿಸಿದ. ಈಗ ಓಡಿತು. ಆದರೆ ಹೊರಡುವಾಗ ಹಟ ಮಾಡುತ್ತಿತ್ತು. ಅಕ್ಕ ಹಲ್ಲು ಕಚ್ಚಿ ತಳ್ಳಿದರೆ ಒಮ್ಮೆಲೇ ಬಿಟ್ಟುಕೊಂಡು ನಾಲ್ಕು ಬೆರಳು ಮುಂದಕ್ಕೆ ಹಾರುತ್ತಿತ್ತು. ಸುಣ್ಣದ ಗೆರೆ ಹಲ್ಲುಹಲ್ಲಾಗಿ ಬಂತು.

"ಇದರಲ್ಲಿ ಕತ್ತರಿಸಿದ ಅಂಗಿ ಹಾಕ್ಕೊಂಡ್ರೆ ಇಲಿ ಕಡಿದ ಹಾಗಿರುತ್ತೆ," ಎಂದಳು ಅಕ್ಕ. "ನಿಮ್ಮ ಮೇಷ್ಟ್ರು ನಿನ್ನನ್ನ ಹೇಗೆ ಪಾಸ್ ಮಾಡಿದ್ರೋ."

ಅದಕ್ಕೇ ಅವನು ಅಂಗಡಿಗೆ ಬಂದಿದ್ದು.

ಯಜಮಾನರು ಹಿಂದಿನ ಕಪಾಟಿನಿಂದ ಮೂರು ಡಬ್ಬಿ ತಂದು ಸಾಲಾಗಿ ಇಟ್ಟರು. ಮೊದಲನೆಯದು ಪ್ಲಾಸ್ಟಿಕ್ ಬುಷ್: ಅಗ್ಗ, ಎಣ್ಣೆ ಬೇಡ, ಧೂಳಿಗೆ ಹೆದರುವುದಿಲ್ಲ, ಆದರೆ ಗನ್‌ಮೆಟಲ್‌ಗಿಂತ ಅಷ್ಟೇನೂ ಹಗುರವಲ್ಲ. ಕೊನೆಯದು ಪಟ್ಟಿಯ ಮೇಲೆ ಓಡುವ ಗಾಡಿ, ಬೆರಳು ಸೋಕಿಸಿದರೆ ಹರಿದುಹೋಗುತ್ತಿತ್ತು. ಅದರ ಬೆಲೆ ಕೇಳಿ ಫಿಟ್ಟರ್ ಅದನ್ನು ಮೆಲ್ಲಗೆ ಡಬ್ಬಿಗೆ ವಾಪಸ್ ಇಟ್ಟ. ನಡುವಿನ ಡಬ್ಬಿಯಲ್ಲಿದ್ದುದು ಗುಂಡಿನ ಬೇರಿಂಗ್. ಹೆಬ್ಬೆರಳು ತೂರುವಷ್ಟು ಅಗಲದ ಕೊಳವೆ, ಒಳಗೆ ಸುತ್ತಲೂ ಸಾಸಿವೆಗಿಂತ ತುಸು ದೊಡ್ಡ ಉಕ್ಕಿನ ಗುಂಡುಗಳ ಸಾಲು.

"ಇದರಲ್ಲೂ ಎರಡು ತರ ಇದೆ. ಇದು ಸೋವಿ ಮಾಲು. ಹತ್ತರಲ್ಲಿ ನಾಲ್ಕು ಚೆನ್ನಾಗಿರುತ್ತೆ, ಉಳಿದದ್ದು ಅಷ್ಟಕ್ಕಷ್ಟೇ. ನಿಮಗೆ ಬೇಕಾದ್ದು ನೀವೇ ಆರಿಸ್ಕೊಳ್ಳಿ, ನಾನು ಬೇಡ ಅನ್ನಲ್ಲ. ಆದರೆ ಶಾಫ್ಟು ಇದು ಆಗಲ್ಲ."

"ಯಾಕೆ?"

"ಇದು ಬ್ರೈಟ್ ಬಾರ್. ಮೆತ್ತಗಿನ ಉಕ್ಕು. ಗುಂಡುಗಳು ಇದನ್ನ ಕೊರೆದುಬಿಡ್ತವೆ. ಹದ ಕೊಟ್ಟ ಗಟ್ಟಿ ಶಾಫ್ಟೇ ಬೇಕು."

ಗಟ್ಟಿ ಶಾಫ್ಟಿನ ಬೆಲೆ ಬೇರಿಂಗಿನ ಐದರಷ್ಟಿತ್ತು. ಫಿಟ್ಟರ್ ಲೆಕ್ಕ ಹಾಕಿದ. ಕೈಯ ಭಾರ ಎಷ್ಟು ಮಹಾ, ಓಡುವುದು ದಿನಕ್ಕೆ ಎಷ್ಟು ಸಲ, ನಡೆದುಹೋಗುತ್ತದೆ ಎಂದುಕೊಂಡ. ಕಾರ್ಖಾನೆಯಲ್ಲಿ ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಅವನೇ ಮುಖಕ್ಕೆ ಬೈಯುತ್ತಿದ್ದ. ಬೇರಿಂಗ್‌ಗಳನ್ನು ಮಾತ್ರ ತುಂಬ ಹೊತ್ತು ಆರಿಸಿದ. ಒಂದೊಂದನ್ನೇ ಸರಳಿಗೆ ಪೋಣಿಸಿ, ಸರಳನ್ನು ನಿಧಾನವಾಗಿ ವಾಲಿಸಿ, ಯಾವುದು ತಾನಾಗಿಯೇ ಜಾರುತ್ತದೆ, ಯಾವುದು ನಡುವೆ ತಡವರಿಸುತ್ತದೆ ಎಂದು ಕಿವಿಗೊಟ್ಟು ಕೇಳಿ, ಹದಿನೆಂಟರಲ್ಲಿ ಎರಡನ್ನು ಎತ್ತಿಕೊಂಡ.

ಮನೆಯಲ್ಲಿ ಅವುಗಳ ಒಳಗಿದ್ದ ಗಟ್ಟಿ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದ. ತುದಿಯಲ್ಲಿದ್ದ ರಬ್ಬರ್ ಸೀಲು ಶಾಫ್ಟಿಗೆ ಉಜ್ಜುತ್ತದೆಂದು ಅದನ್ನೂ ಕಿತ್ತ. ಹೆಂಡತಿಯ ಹೊಲಿಗೆ ಮೆಷಿನ್ನಿಗೆ ಬಿಡುವ ತೆಳು ಎಣ್ಣೆಯ ಎರಡು ಹನಿ ಬಿಟ್ಟ.

ಜೋಳಿಗೆಯಲ್ಲಿ ಕೈ ಇಟ್ಟ ಅಕ್ಕ ಸ್ವಲ್ಪ ಹೊತ್ತು ಅಲ್ಲಾಡಲೇ ಇಲ್ಲ. ಆಮೇಲೆ ಭುಜ ತುಸು ತಿರುಗಿಸಿದಳು. ಗಾಡಿ ಸದ್ದಿಲ್ಲದೆ ಬಲಕ್ಕೆ ಹೋಯಿತು, ಎಡಕ್ಕೆ ಬಂತು, ಮತ್ತೆ ಬಲಕ್ಕೆ ಹೋಯಿತು. ಫಿಟ್ಟರ್ ಅವಳ ಮುಖ ನೋಡಲಿಲ್ಲ, ಗಾಡಿಯನ್ನೇ ನೋಡುತ್ತಿದ್ದ.

"ಸುಣ್ಣ ಕೊಡು," ಎಂದಳು ಅಕ್ಕ.

ಆ ಮೂರು ವಾರ ಆ ಮನೆಯಲ್ಲಿ ನಗುವಿತ್ತು. ಹೆಂಡತಿ ಬಟ್ಟೆ ಹಾಸುತ್ತಿದ್ದಳು, ಅಕ್ಕ ಗೆರೆ ಎಳೆಯುತ್ತಿದ್ದಳು, ಹೆಂಡತಿ ಕತ್ತರಿ ಹಿಡಿದು ಹಿಂಜರಿಯುತ್ತಿದ್ದಳು. "ಹೆದರಬೇಡಮ್ಮ, ಬಟ್ಟೆ ಕಚ್ಚಲ್ಲ. ನೋಯೋದು ನಿನಗಲ್ಲ, ಅದಕ್ಕೆ," ಎಂದು ಅಕ್ಕ ಧೈರ್ಯ ಹೇಳುತ್ತಿದ್ದಳು. ಪಕ್ಕದ ಬೀದಿಯ ಶಾಲೆಯೊಂದರ ಮಕ್ಕಳಿಗೆ ಹನ್ನೆರಡು ಅಂಗಿ ಹೀಗೆ ತಯಾರಾಯಿತು. ಕೆಲಸದಿಂದ ಬರುವ ಫಿಟ್ಟರ್‌ಗೆ ಬಾಗಿಲಲ್ಲೇ ಇಬ್ಬರ ಜಗಳ ಕೇಳಿಸುತ್ತಿತ್ತು: ಕಂಕುಳ ಹತ್ತಿರ ಇನ್ನೊಂದು ಬೆರಳು ಬಿಡಬೇಕಿತ್ತು, ಇಲ್ಲ ಅಕ್ಕ, ಬಿಟ್ಟಿದ್ದೀನಿ, ಎಲ್ಲಿ ಬಿಟ್ಟಿದ್ದೀಯ, ತೋರಿಸು.

ನಾಲ್ಕನೆಯ ವಾರ ಗಾಡಿ ನಡುದಾರಿಯಲ್ಲಿ ನಿಲ್ಲತೊಡಗಿತು. ಬೆರಳುಗುರಿನಿಂದ ಶಾಫ್ಟನ್ನು ಸವರಿದರೆ ಸಾಕು, ತಿಳಿಯುತ್ತಿತ್ತು. ಉದ್ದಕ್ಕೂ ಕೂದಲೆಳೆಯಂಥ ಗೀರುಗಳು. ಯಜಮಾನರು ಹೇಳಿದ್ದು ಹೇಳಿದ ಹಾಗೇ ಆಗಿತ್ತು. ಫಿಟ್ಟರ್ ತನ್ನನ್ನೇ ಬೈದುಕೊಂಡ. ಅವಳಿಗೆ ಇರುವುದೇ ಎಣಿಸಿದ ದಿನಗಳ ಬಲ, ಅದರಲ್ಲಿ ಒಂದು ವಾರವನ್ನು ಈ ಸೋವಿ ಶಾಫ್ಟಿನ ಮೇಲೆ ಹಾಳು ಮಾಡಿಸಿದೆನಲ್ಲ ಎಂಬುದು ಅವನ ಎದೆಯಲ್ಲಿ ಮುಳ್ಳಾಗಿ ಕೂತಿತು. ಮರುದಿನವೇ ಗಟ್ಟಿ ಶಾಫ್ಟನ್ನೂ ಹೊಸ ಜೊತೆ ಬೇರಿಂಗನ್ನೂ ತಂದ. ರಸಮಟ್ಟ ಇಟ್ಟು ನೋಡಿ ಎರಡೂ ತುದಿ ಸಮ ಮಾಡಿದ. ಈ ಸಲ ಎಲ್ಲವನ್ನೂ ಪುಸ್ತಕದಲ್ಲಿ ಬರೆದ ಹಾಗೆ ಮಾಡಿದ.

ಮಾಡಿ ಮುಗಿದ ಮೇಲೆ ಒಂದು ಪರೀಕ್ಷೆಯನ್ನೂ ಮಾಡಿದ. ಅಕ್ಕನ ಕೈಯಷ್ಟೇ ತೂಗುವ ಮರಳಿನ ಚೀಲವನ್ನು ಜೋಳಿಗೆಯಲ್ಲಿಟ್ಟು, ಗಾಡಿಗೆ ದಾರ ಕಟ್ಟಿ, ದಾರವನ್ನು ಮೇಜಿನ ತುದಿಯಲ್ಲಿ ಒಂದು ರೀಲಿನ ಮೇಲಿಂದ ಇಳಿಬಿಟ್ಟು, ಅದಕ್ಕೆ ಸಣ್ಣ ನಟ್ಟುಗಳನ್ನು ಒಂದೊಂದಾಗಿ ಪೋಣಿಸಿದ. ಗನ್‌ಮೆಟಲ್ ಬುಷ್ ಇದ್ದಾಗ ದೊಡ್ಡ ಸ್ಪ್ಯಾನರ್ ಕಟ್ಟಿದರೂ ಗಾಡಿ ಅಲುಗಿರಲಿಲ್ಲ. ಈಗ ನಾಲ್ಕನೆಯ ನಟ್ಟಿಗೆ ಹೊರಟಿತು.

"ನಾಲ್ಕು ನಟ್ಟು ಅಷ್ಟೇ ಅಕ್ಕ."

"ನಾಲ್ಕು ನಟ್ಟಿನಷ್ಟು ಬಲ ನನ್ನಲ್ಲಿ ಇನ್ನೂ ಇದೆ ಬಿಡು," ಎಂದಳು.

ಇತ್ತು, ಒಂದು ತಿಂಗಳು. ಆಮೇಲೆ ಒಂದು ಸಂಜೆ ಅವನು ಬೂಟು ಬಿಚ್ಚುತ್ತಿರುವಾಗ ಅಕ್ಕ ಕರೆದಳು.

"ನಿನ್ನ ಗಾಡಿ ಮತ್ತೆ ಹಟ ಮಾಡ್ತಿದೆ ನೋಡೋ. ಬಲಕ್ಕೆ ಹೋಗಲ್ಲ ಅಂತಿದೆ."

ಅವನು ಗಾಡಿ ಬಿಚ್ಚಿದ. ಗುಂಡುಗಳು ಸ್ವಚ್ಛವಾಗಿದ್ದವು. ಶಾಫ್ಟಿನ ಮೇಲೆ ಒಂದು ಗೀರಿಲ್ಲ, ತುಕ್ಕಿಲ್ಲ. ಆದರೂ ತೊಳೆದ, ಎಣ್ಣೆ ಬಿಟ್ಟ, ಮತ್ತೆ ಜೋಡಿಸಿದ. ಮರಳಿನ ಚೀಲ ತಂದು ದಾರ ಕಟ್ಟಿದ. ಒಂದು ನಟ್ಟು. ಎರಡು. ಮೂರು. ನಾಲ್ಕನೆಯದಕ್ಕೆ ಗಾಡಿ ಮೆಲ್ಲಗೆ ಹೊರಟು ಬಲತುದಿಗೆ ಹೋಗಿ ನಿಂತಿತು.

ಫಿಟ್ಟರ್ ಆ ನಾಲ್ಕು ನಟ್ಟುಗಳನ್ನು ಅಂಗೈಯಲ್ಲಿಟ್ಟುಕೊಂಡು ಕೂತ. ಅವನಿಗೆ ಬೆನ್ನು ಹಾಕಿ ಅಕ್ಕ ಕಿಟಕಿಯ ಕಡೆ ನೋಡುತ್ತಿದ್ದಳು. ಕುತ್ತಿಗೆಯ ಎರಡು ಪಕ್ಕದಲ್ಲೂ ಮೂಳೆ ಎದ್ದು ಕಾಣುತ್ತಿತ್ತು. ಹೋದ ತಿಂಗಳು ಅಷ್ಟು ಕಾಣುತ್ತಿತ್ತೇ ಎಂದು ನೆನಪಿಸಿಕೊಳ್ಳಲು ನೋಡಿದ, ನೆನಪಾಗಲಿಲ್ಲ. ಅವನು ನೋಡುತ್ತಿದ್ದದ್ದು ಗಾಡಿಯನ್ನು.

"ಏನಾಗಿದೆ?" ಎಂದು ಕೇಳಿದಳು ಅಕ್ಕ.

"ಬೇರಿಂಗ್ ಸರಿ ಇಲ್ಲ. ಸೋವಿ ಮಾಲು ಇಷ್ಟೇ. ಬೇರೆ ತರ್ತೀನಿ."

"ತಾ," ಎಂದಳು. "ಅಂಗಡಿಯವನನ್ನ ಚೆನ್ನಾಗಿ ಬೈದು ಬಾ."

ಮರುದಿನ ಊಟದ ಬಿಡುವಿನಲ್ಲಿ ಅವನು ಅಂಗಡಿಗೆ ಹೋದ. ಹೆಂಡತಿಯ ಕಿವಿಯೋಲೆ ಜೇಬಿನಲ್ಲಿತ್ತು. ಬೆಳಿಗ್ಗೆ ಅವಳೇ ಬಿಚ್ಚಿ ಕೊಟ್ಟಿದ್ದಳು. ಆ ಪಟ್ಟಿಯ ಗಾಡಿಯನ್ನೇ ಕೊಡಿ ಎಂದ. ಯಜಮಾನರು ಹಳೆಯದರಲ್ಲಿ ಏನು ತೊಂದರೆ ಎಂದು ಕೇಳಿದರು. ಅವನು ಹೇಳಿದ: ನಾಲ್ಕು ನಟ್ಟು, ಎಣ್ಣೆ, ರಸಮಟ್ಟ ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ಅವನ ದನಿ ಸಣ್ಣದಾಯಿತು.

ಯಜಮಾನರು ಡಬ್ಬಿ ಇಳಿಸಲಿಲ್ಲ. "ನೀವು ಆರಿಸ್ಕೊಂಡು ಹೋಗಿ, ಸೀಲು ಕಿತ್ತು ತೊಳೆದಿದ್ದಕ್ಕಿಂತ ಹಗುರ ಓಡೋದು ನನ್ನ ಹತ್ರ ಇಲ್ಲ. ಇದರಲ್ಲಿ ಸೀಲು, ಗ್ರೀಸು ಎಲ್ಲ ಇರುತ್ತೆ, ಇನ್ನೂ ಬಿಗಿ ಅನ್ನಿಸಬಹುದು. ನಿಮ್ಮ ದುಡ್ಡು ತಗೊಂಡು ನಾನೇನ್ ಮಾಡ್ಲಿ?"

"ಬೇರೆ ಅಂಗಡೀಲಿ?"

"ಎಲ್ಲೂ ಇಲ್ಲ," ಎಂದರು ಅವರು. ಆಮೇಲೆ ಕೌಂಟರ್ ದಾಟಿ ಬಂದು ಅವನ ಪಕ್ಕದಲ್ಲಿ ನಿಂತರು. "ನಿಮಗೆ ಗೊತ್ತಾಗಿದೆ ಅಲ್ವಾ?"

ಫಿಟ್ಟರ್ ಹೊರಗೆ ಬಂದು ಬೀದಿಯಲ್ಲಿ ನಿಂತ. ಎದುರಿನ ಅಂಗಡಿಯಲ್ಲಿ ಒಬ್ಬ ಆಳೆತ್ತರದ ಪೈಪುಗಳನ್ನು ಗಾಡಿಗೇರಿಸುತ್ತಿದ್ದ, ಒಂದೇ ಕೈಯಲ್ಲಿ ಎರಡೆರಡು, ಯಾರೊಡನೆಯೋ ಮಾತಾಡುತ್ತ. ಫಿಟ್ಟರ್ ಅವನ ತೋಳನ್ನೇ ನೋಡುತ್ತ ನಿಂತುಬಿಟ್ಟ. ಆ ಮನುಷ್ಯ ತಿರುಗಿ "ಏನ್ ಬೇಕು?" ಎಂದು ಗದರಿದಾಗ ಅಲ್ಲಿಂದ ಹೊರಟ.

ಬರಿಗೈಯಲ್ಲಿ ಮನೆಗೆ ಹೋಗಲು ಅವನಿಗೆ ಮನಸ್ಸಾಗಲಿಲ್ಲ. ಕಾರ್ಖಾನೆಯಲ್ಲಿ ಮಧ್ಯಾಹ್ನವಿಡೀ ತಲೆ ಕೆಡಿಸಿಕೊಂಡ. ಅಕ್ಕನಿಗೆ ಕೈಯನ್ನು ಹೊರಗೆ, ಬಲಕ್ಕೆ ತಳ್ಳಲು ಆಗುತ್ತಿಲ್ಲ. ಒಳಗೆ, ಎದೆಯ ಕಡೆ ಎಳೆದುಕೊಳ್ಳಲು ಇನ್ನೂ ಆಗುತ್ತದೆ. ಹಾಗಾದರೆ ಶಾಫ್ಟಿನ ಬಲತುದಿಯನ್ನು ಒಂಚೂರು ಇಳಿಸಿದರೆ? ಹೊರಗೆ ಹೋಗುವಾಗ ಇಳಿಜಾರೇ ಒಯ್ಯುತ್ತದೆ, ಒಳಗೆ ಬರುವಾಗ ಅವಳು ಎಳೆದುಕೊಳ್ಳುತ್ತಾಳೆ. ಸಂಜೆ ಮನೆಗೆ ಬಂದವನೇ ಎಡತುದಿಯ ಕೆಳಗೆ ತಗಡಿನ ಎರಡು ಪಟ್ಟಿ ಇಟ್ಟ.

"ಹೊಸ ಬೇರಿಂಗಾ?" ಎಂದಳು ಅಕ್ಕ.

"ಹ್ಞೂಂ."

ಗಾಡಿ ಬಲಕ್ಕೆ ತಾನಾಗಿಯೇ ಹರಿಯಿತು. ಅಕ್ಕ ಕಷ್ಟಪಟ್ಟು ಅದನ್ನು ಎಳೆದುಕೊಂಡಳು. ಮತ್ತೆ ಬಿಟ್ಟಳು. ಎಡತುದಿಯ ಕೆಳಗಿನ ತಗಡು ಅವಳು ಕೂತಲ್ಲಿಂದ ಚೆನ್ನಾಗಿ ಕಾಣುತ್ತಿತ್ತು. "ಒಳ್ಳೇ ಬೇರಿಂಗು," ಎಂದಳು.

ಒಂಬತ್ತು ದಿನ ಹೀಗೆ ನಡೆಯಿತು. ಹತ್ತನೆಯ ದಿನ ಫಿಟ್ಟರ್‌ಗೆ ಬೆಳಗಿನ ಪಾಳಿ. ಹೆಂಡತಿ ಹೊಲಿದ ಬಟ್ಟೆ ಕೊಟ್ಟು ಬರಲೆಂದು ಹೊರಗೆ ಹೋದವಳು, ಅರ್ಧ ಗಂಟೆಯಲ್ಲಿ ಬರುತ್ತೇನೆಂದಿದ್ದಳು. ಅಲ್ಲಿ ಅಳತೆಯ ತಕರಾರಾಗಿ ಎರಡು ಗಂಟೆ ಹಿಡಿಯಿತು. ಅವಳು ಹೋದ ಸ್ವಲ್ಪ ಹೊತ್ತಿಗೇ ಜೋಳಿಗೆಯಲ್ಲಿದ್ದ ಅಕ್ಕನ ಕೈಯ ಸಮೇತ ಗಾಡಿ ಬಲಕ್ಕೆ ಹರಿದಿತ್ತು. ಅಕ್ಕ ಎಳೆದುಕೊಳ್ಳಲು ನೋಡಿದಳು, ಬರಲಿಲ್ಲ. ಅಷ್ಟು ಸಣ್ಣ ಇಳಿಜಾರನ್ನು ಹತ್ತಿಸುವ ಬಲ ಆ ಬೆಳಿಗ್ಗೆ ಅವಳಲ್ಲಿ ಇರಲಿಲ್ಲ. ಕೈ ಶಾಫ್ಟಿನ ತುದಿಗೆ ಹೋಗಿ, ಕೈಯ ಹಿಂದೆ ಭುಜ ವಾಲಿ, ಭುಜದ ಹಿಂದೆ ಕುತ್ತಿಗೆ ವಾಲಿ, ಕೆನ್ನೆ ಕುರ್ಚಿಯ ಕಟ್ಟಿಗೆಗೆ ಒತ್ತಿಕೊಂಡು, ಅವಳು ಹಾಗೇ ಇದ್ದಳು. ಕೂಗಿದರೆ ಪಕ್ಕದ ಮನೆಗೆ ಕೇಳಿಸುವಷ್ಟು ದನಿ ಈಚೆಗೆ ಅವಳಿಗಿರಲಿಲ್ಲ. ನೋವು ತಿಳಿಯುತ್ತಿತ್ತು, ಅದನ್ನು ಡಾಕ್ಟರು ಹೇಳಿದ್ದರು.

ಹೆಂಡತಿ ಕಾರ್ಖಾನೆಗೆ ಫೋನ್ ಮಾಡಿಸಿದಳು. ಫಿಟ್ಟರ್ ಎಣ್ಣೆ ಬಟ್ಟೆಯಲ್ಲೇ ಓಡಿಬಂದ. ಅಕ್ಕನನ್ನು ಮಂಚದ ಮೇಲೆ ಮಲಗಿಸಿತ್ತು. ಬಲ ಭುಜ ಊದಿ, ಕೆನ್ನೆಯ ಮೇಲೆ ಕುರ್ಚಿಯ ಅಂಚು ಕೆಂಪಗೆ ಮೂಡಿತ್ತು. ಹೆಂಡತಿ ಬಿಸಿನೀರಿನ ಬಟ್ಟೆ ಒತ್ತುತ್ತ ಅಳುತ್ತಿದ್ದಳು.

"ಇವಳಿಗೆ ಸುಮ್ಮನಿರು ಅಂತ ಹೇಳು," ಎಂದಳು ಅಕ್ಕ, ಮಾತು ತೊದಲುತ್ತಿತ್ತು. "ಜಾರಿ ಹೋಗಿದ್ದು ನಾನು, ಅಳೋದು ಇವಳು. ಎರಡು ಗಂಟೆ ಬಲಗಡೆ ಗೋಡೆ ನೋಡಿದೆ. ಆ ಮೂಲೇಲಿ ಬಣ್ಣ ಎದ್ದಿದೆ, ನೋಡಿದೀಯಾ?"

ಫಿಟ್ಟರ್ ಮುಂದಿನ ಕೋಣೆಗೆ ಹೋದ. ಗಾಡಿ ಬಲತುದಿಯಲ್ಲೇ ನಿಂತಿತ್ತು, ಖಾಲಿ ಜೋಳಿಗೆ ಕಂಬಿಯಲ್ಲಿ ತೂಗುತ್ತಿತ್ತು. ಸುತ್ತಿಗೆ ಎತ್ತಿಕೊಂಡ. ಎಲ್ಲಿಗೆ ಹೊಡೆಯುವುದು ಎಂದು ನೋಡುತ್ತ ನಿಂತ. ಶಾಫ್ಟು ಸರಿಯಾಗಿತ್ತು, ಬೇರಿಂಗ್ ಸರಿಯಾಗಿತ್ತು. ಹದಿನೇಳು ವರ್ಷದಲ್ಲಿ ಅವನು ಮಾಡಿದ ಕೆಲಸಗಳಲ್ಲೆಲ್ಲ ಇದೇ ಅಚ್ಚುಕಟ್ಟಾದದ್ದು. ಅಷ್ಟು ಹಗುರವಾಗಿ ಓಡದೆ ಸ್ವಲ್ಪ ಕಚ್ಚಿಕೊಳ್ಳುವಂತಿದ್ದರೆ ಅವಳ ಕೈ ಅಲ್ಲಿಗೆ ಹೋಗುತ್ತಲೇ ಇರಲಿಲ್ಲ. ಸುತ್ತಿಗೆಯನ್ನು ಕೆಳಗಿಟ್ಟು, ಎಡತುದಿಯ ಕೆಳಗಿನ ತಗಡುಗಳನ್ನು ಎಳೆದು ತೆಗೆದ.

ವಾರವಾದ ಮೇಲೆ ಭುಜದ ಊತ ಇಳಿಯಿತು. ಭಾನುವಾರ ಬೆಳಿಗ್ಗೆ ಅಕ್ಕ ತನ್ನನ್ನು ಮೇಜಿನ ಮುಂದೆ ಕೂರಿಸಲು ಹೇಳಿದಳು. ಫಿಟ್ಟರ್ ಎತ್ತಿ ಕೂರಿಸಿದ. ಅವಳು ಎಷ್ಟು ಹಗುರವಾಗಿದ್ದಾಳೆಂದು ಅವನ ತೋಳಿಗೆ ತಿಳಿಯಿತು.

"ಗಾಡೀನ ಬಿಗಿದುಬಿಡು," ಎಂದಳು. ಈಗ ಅವಳ ಮಾತು ಅರ್ಥವಾಗಬೇಕಾದರೆ ಹತ್ತಿರ ಬಗ್ಗಬೇಕಿತ್ತು.

"ಬೇಡ ಅಕ್ಕ. ಸ್ವಲ್ಪ ಫೆಲ್ಟ್ ಬಟ್ಟೆ ಹಾಕಿ ಹದ ಮಾಡ್ತೀನಿ. ಜಾರಬಾರದು, ಆದ್ರೆ ತಳ್ಳಿದ್ರೆ ಹೋಗಬೇಕು, ಹಂಗೆ ಮಾಡಬಹುದು. ಒಂದು ವಾರ ಟೈಮ್ ಕೊಡು."

"ತಳ್ಳೋರು ಯಾರು?"

ಅವನು ಜೋಳಿಗೆಯ ಗಂಟು ಸರಿಮಾಡತೊಡಗಿದ.

"ನಂಗೆ ಆವತ್ತೇ ಗೊತ್ತಿತ್ತು ಕಣೋ. ನೀನು ನಟ್ಟು ಎಣಿಸ್ತಾ ಕೂತಿದ್ಯಲ್ಲ, ಆವತ್ತು. ಬೆನ್ನು ಹಾಕಿದ್ದೆ, ಆದ್ರೆ ಕಿಟಕಿ ಗಾಜಲ್ಲಿ ಕಾಣ್ತಿದ್ದೆ ನೀನು."

"ಯಾಕೆ ಹೇಳಲಿಲ್ಲ?"

"ನೀನು ಅಂಗಡಿಗೆ ಓಡಾಡ್ತಿದ್ದೆ. ಹೋಗ್ಲಿ, ಏನೋ ಒಂದು ಮಾಡ್ತಿದ್ದಾನೆ ಅಂತ." ಅವಳು ಉಸಿರು ತೆಗೆದುಕೊಳ್ಳಲು ನಿಂತಳು. "ಮಾಡೋಕೆ ಏನೂ ಇಲ್ಲ ಅಂದ್ರೆ ನೀನು ಕೆಟ್ಟುಹೋಗ್ತೀಯ. ಅಮ್ಮ ಹೋದಾಗ್ಲೂ ಹಂಗೇ ಮಾಡ್ದೆ, ಮೂರು ದಿನ ಬಾಗಿಲ ಚಿಲಕ ಬಿಚ್ಚಿ ಬಿಚ್ಚಿ ಹಾಕ್ದೆ. ಬಿಗಿ ಈಗ."

ಅವನು ಸ್ಕ್ರೂ ಇರುವ ಎರಡು ಉಕ್ಕಿನ ಉಂಗುರ ತಂದು ಗಾಡಿಯ ಆಚೆಗೊಂದು ಈಚೆಗೊಂದು ಶಾಫ್ಟಿಗೆ ಪೋಣಿಸಿದ. ಎಲ್ಲಿ ಬಿಗಿಯಲಿ ಎಂದು ಕೇಳಿದ. ಅಕ್ಕ ತುಂಬ ಹೊತ್ತು ಯೋಚಿಸಿದಳು. ಇನ್ನೂ ಎಡಕ್ಕೆ ಎಂದಳು. ಒಂಚೂರು ಬಲಕ್ಕೆ. ಮತ್ತೆ ಎಡಕ್ಕೆ. ಬೆರಳ ತುದಿ ಮೇಜಿನ ಮೇಲೆ ಹಾಸಿದ ಬಟ್ಟೆಗೆ ತಾಗುವಂಥ ಒಂದು ಜಾಗದಲ್ಲಿ "ಹಾಂ" ಎಂದಳು. ಅಲೆನ್ ಕೀ ಹಾಕಿ ಅವನು ಎರಡೂ ಉಂಗುರಗಳ ಸ್ಕ್ರೂ ತಿರುಗಿಸಿದ.

"ಅಲ್ಲಾಡಿಸಿ ನೋಡು."

ಅಲ್ಲಾಡಿಸಿದ. ಅಲುಗಲಿಲ್ಲ.

"ಚೆನ್ನಾಗಿ ಕೂತಿದೆ," ಎಂದಳು ಅಕ್ಕ.

ಅಲ್ಲಿಂದ ಮುಂದೆ ಕೆಲವು ದಿನ ಹೆಂಡತಿ ಆ ಬೆರಳುಗಳ ಕೆಳಗೆ ಬಟ್ಟೆಯನ್ನು ಮೆಲ್ಲಗೆ ಎಳೆಯುತ್ತಿದ್ದಳು. ನೇಯ್ಗೆಯ ನೂಲು ಯಾವ ಕಡೆ ಓಡಿದೆ, ಕತ್ತರಿ ಯಾವ ಕಡೆ ಹೋದರೆ ಅಂಗಿ ಒಗೆದ ಮೇಲೆ ತಿರುಚುವುದಿಲ್ಲ ಎಂದು ಅಕ್ಕ ಮುಟ್ಟಿ ಹೇಳುತ್ತಿದ್ದಳು. ಆಮೇಲೆ ಹೇಳಲು ಮಾತು ಉಳಿಯಲಿಲ್ಲ; ಸರಿ ಎಂದರೆ ಒಮ್ಮೆ ಕಣ್ಣು ಮುಚ್ಚುವುದು, ತಪ್ಪು ಎಂದರೆ ಎರಡು ಸಲ. ಆಮೇಲೆ ಅವಳನ್ನು ಕುರ್ಚಿಯಲ್ಲಿ ಕೂರಿಸುವುದೂ ಆಗದೆ ಮಂಚಕ್ಕೇ ಬಿಟ್ಟರು. ಫಿಟ್ಟರ್ ರಾತ್ರಿ ಪಾಳಿ ಬಿಡಿಸಿಕೊಂಡ. ಬೇರಿಂಗಿಗಾಗಿ ಆ ಅಂಗಡಿಗೆ ಕಾರ್ಖಾನೆಯಿಂದ ಬೇರೆಯವರನ್ನು ಕಳಿಸಲು ಹೇಳಿದ.

ಮಳೆ ನಿಂತು ಬಿಸಿಲು ಬಂದಿದ್ದ ಒಂದು ಮಧ್ಯಾಹ್ನ ಅವನು ಹಿತ್ತಲಲ್ಲಿ ಕೈ ತೊಳೆಯುತ್ತಿದ್ದ. ಹೆಂಡತಿ ಬಾಗಿಲಿಗೆ ಬಂದು, "ಅಕ್ಕ ಏನೋ ಹೇಳ್ತಿದ್ದಾರೆ, ನಂಗೆ ಗೊತ್ತಾಗ್ತಿಲ್ಲ," ಎಂದಳು. ಅವನು ಒದ್ದೆ ಕೈಯಲ್ಲೇ ಒಳಗೆ ಹೋದ. ಅಕ್ಕ ಕಣ್ಣು ಪಟಪಟ ಬಡಿಯುತ್ತಿದ್ದಳು. ನೀರಾ ಎಂದು ಕೇಳಿದ. ಎರಡು ಸಲ ಮುಚ್ಚಿದಳು. ಪಕ್ಕಕ್ಕೆ ತಿರುಗಿಸಲಾ? ಎರಡು ಸಲ. ನೋವಾ, ಬಿಸಿಲಾ, ಕಿಟಕಿ ಮುಚ್ಚಲಾ? ಎಲ್ಲಕ್ಕೂ ಎರಡು ಸಲ. ಅವನು ಹತ್ತಿರ ಬಗ್ಗಿ ಅವಳ ಮುಖವನ್ನೇ ನೋಡಿದ. ಹಣೆಯಿಂದ ಜಾರಿದ ಒಂದು ಬಿಳಿ ಕೂದಲು ಮೂಗಿನ ಮೇಲೆ ಬಿದ್ದಿತ್ತು, ಫ್ಯಾನಿನ ಗಾಳಿಗೆ ಅಲ್ಲೇ ಅತ್ತಿತ್ತ ಆಡುತ್ತಿತ್ತು. ಎಷ್ಟು ಹೊತ್ತಿನಿಂದ ಆಡುತ್ತಿತ್ತೋ.

ಅದನ್ನು ತೆಗೆದು, ಮೂಗಿನ ತುದಿಯನ್ನು ಬೆರಳಿನಿಂದ ತುರಿಸಿದ. ಅವಳು ಕಣ್ಣು ಮುಚ್ಚಿದಳು, ಒಂದೇ ಸಲ, ಮತ್ತು ತುಂಬ ಹೊತ್ತು ತೆರೆಯಲಿಲ್ಲ. ಅವನು ತುರಿಸುತ್ತಲೇ ಇದ್ದ. ಅದಾದ ಮೇಲೆ ಹನ್ನೊಂದು ವಾರ ಬದುಕಿದ್ದಳು.